ಸವೆಯೋದೇ ಅದರ ಕೆಲಸ, ತಮ್ಮಾ

ಹಲ್ಲಿನ ಕ್ಯಾಪು ಚೆನ್ನಾಗಿ ಕೂತಿವೆ ತಮ್ಮಾ. ನೀನು ಕಳಿಸಿದ ಫೋಟೊ ಹಿಗ್ಗಿಸಿ ನೋಡಿದೆ. ಬಣ್ಣ ಬೆರೆತಿದೆ, ವಸಡಿನ ಅಂಚಿನಲ್ಲಿ ಎಲ್ಲೂ ಕಪ್ಪು ಗೆರೆ ಇಲ್ಲ, ಮುಂದಿನ ಎರಡು ಹಲ್ಲಿನ ಉದ್ದ ಮುಖಕ್ಕೆ ಒಪ್ಪುತ್ತದೆ. ಮಾಡಿದವರ ಕೈ ಒಳ್ಳೆಯದು. ಪುಣೆಯ ಹಲ್ಲಿನ ಲ್ಯಾಬಿನಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡ ಮುತ್ಯಾನ ಬಾಯಿಂದ ಇಂಥ ಮಾತು ಸುಲಭಕ್ಕೆ ಬರುವುದಿಲ್ಲ, ಜೋಪಾನವಾಗಿ ಇಟ್ಟುಕೋ.

ಆದರೆ ನಿಮ್ಮವ್ವ ಫೋನಿನಲ್ಲಿ ಇನ್ನೊಂದು ಸುದ್ದಿ ಹೇಳಿದಳು. ಕ್ಯಾಪಿನ ಜತೆಗೆ ಡಾಕ್ಟರು ಮಲಗುವಾಗ ಹಲ್ಲಿನ ಮೇಲೆ ಹಾಕಿಕೊಳ್ಳಲು ಒಂದು ಸ್ಪ್ಲಿಂಟ್ ಮಾಡಿಸಿ ಕೊಟ್ಟಿದ್ದಾರಂತೆ. ಕಂಪ್ಯೂಟರಿನಲ್ಲಿ ಅಳತೆ ತೆಗೆದು ಮಶೀನಿನಲ್ಲಿ ಕಡೆದದ್ದಂತೆ. ಅದು ಡಬ್ಬಿಯಲ್ಲಿ ಹಾಯಾಗಿ ಮಲಗಿದೆ, ನೀನು ಬರಿಗೈಯಲ್ಲಿ ಅಲ್ಲ, ಬರಿಹಲ್ಲಿನಲ್ಲಿ ಮಲಗುತ್ತಿದ್ದೀಯ. ಕೇಳಿದರೆ, 'ಮುತ್ಯಾ, ಜಿರ್ಕೋನಿಯಾ ಕ್ಯಾಪು, ಹತ್ತು ವರ್ಷ ಏನೂ ಆಗಂಗಿಲ್ಲ' ಅಂತ ಉತ್ತರ. ಬುದ್ಧಿವಂತ ಹುಡುಗ, ಅವಸರ ಮಾತ್ರ ನಮ್ಮ ಮನೆತನದ್ದು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಮದುವೆಗೆ ಮುಂಚೆ ಹಲ್ಲು ಬೆಳ್ಳಗೆ ಮಾಡಿಸಿಕೊಂಡೆ ಅಂತ ನಾನು ನಿನ್ನನ್ನು ಆಡಿಕೊಳ್ಳುವವನಲ್ಲ. ಹಲ್ಲಿನ ಮೇಲಿದ್ದ ಆ ಕಂದು ಕಲೆ ನಿನ್ನ ತಪ್ಪಲ್ಲ. ನಮ್ಮ ಯಾದಗಿರಿ ಸೀಮೆಯ ಬೋರಿನ ನೀರಿನದು. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯ ಎಷ್ಟೋ ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ ಹೆಚ್ಚೆಂದರೆ 1.5 ಅಂತ ಸರ್ಕಾರದ ಮಾನದಂಡ ಹೇಳುತ್ತದೆ. ಮಗು ಚಿಕ್ಕದಿರುವಾಗ, ಹೊಸ ಹಲ್ಲು ವಸಡಿನೊಳಗೆ ತಯಾರಾಗುತ್ತಿರುವಾಗಲೇ ಆ ನೀರು ಎನಾಮಲ್ ಕೆಡಿಸಿಬಿಡುತ್ತದೆ. ಹಲ್ಲು ಹೊರಗೆ ಬಂದಮೇಲೆ ಎಷ್ಟು ತಿಕ್ಕಿದರೂ ಹೋಗದು. ಫೋಟೊ ತೆಗೆಯುವಾಗ ತುಟಿ ಮುಚ್ಚಿಕೊಂಡೇ ನಗುವ ಹುಡುಗರನ್ನು, ಕೈ ಅಡ್ಡ ಹಿಡಿದು ಮಾತಾಡುವ ಹುಡುಗಿಯರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನೀನು ಬಾಯಿ ತುಂಬ ನಗುವುದನ್ನು ಕಂಡು ನನಗೆ ಆದ ಸಂತೋಷ ನಿನಗೆ ಗೊತ್ತಿಲ್ಲ. ಆ ನಗು ಉಳಿಯಲಿ ಅಂತಲೇ ನನ್ನ ಗೋಳು.

ಕಾರೇಗಾಂವದ ನಿನ್ನ ರೂಮ್ ಪಾರ್ಟ್ನರ್, ಆ ಲಾತೂರಿನ ಹುಡುಗ, ಡಾಕ್ಟರ ಎದುರು ಏನಂದ ನೆನಪಿದೆಯಾ? 'ಹಾ ಝೋಪೇತ್ ದಾತ್ ಖಾತೋ', ಇವನು ನಿದ್ದೆಯಲ್ಲಿ ಹಲ್ಲು ಕಡಿಯುತ್ತಾನೆ ಅಂತ. ನೀನು ನಕ್ಕುಬಿಟ್ಟೆ. ಡಾಕ್ಟರು ನಗಲಿಲ್ಲ. ನಿನ್ನ ಕೆಳಗಿನ ಹಲ್ಲಿನ ತುದಿ ಸವೆದು ಚಪ್ಪಟೆಯಾದದ್ದು ನೋಡಿದರು, ಕೆನ್ನೆಯ ಒಳಬದಿಯಲ್ಲಿ ಹಲ್ಲಿನ ಗುರುತಿನ ಬಿಳಿ ಗೆರೆ ನೋಡಿದರು, ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆಸಿ ಮುಚ್ಚಿಸಿದರು. ಬೆಳಿಗ್ಗೆ ಎದ್ದಾಗ ಕಪಾಲ ಭಾರವಿರುತ್ತದಾ ಅಂತ ಕೇಳಿದರು. ಇರುತ್ತದೆ ಅಂದೆ. ಅಲ್ಲಿಗೆ ಅವರಿಗೆ ಗೊತ್ತಾಯಿತು, ನೀನು ನಿದ್ದೆಯಲ್ಲಿ ಹಲ್ಲು ಕಡಿಯುವವನು ಅಂತ.

ಇದು ಹೊಟ್ಟೆಯ ಹುಳದಿಂದಲ್ಲ. ನಮ್ಮ ಕಡೆ ಹಾಗೆ ಹೇಳಿ ಮಕ್ಕಳಿಗೆ ಬೇವಿನ ರಸ ಕುಡಿಸುತ್ತಿದ್ದರು, ಪಾಪ. ನಿದ್ದೆ ಆಗಾಗ ತೆಳುವಾಗುವಾಗ ಮಿದುಳು ಅರೆ ಎಚ್ಚರಗೊಂಡು ದವಡೆಯ ಸ್ನಾಯುಗಳನ್ನು ಬಿಗಿಯುತ್ತದೆ. ಮನಸ್ಸಿನ ಒತ್ತಡ, ತಂಬಾಕು, ಹೆಂಡ, ಹೆಚ್ಚು ಚಹಾ ಕಾಫಿ, ಕೆಲವು ಮಾತ್ರೆಗಳು ಅದಕ್ಕೆ ಉಪ್ಪು ಖಾರ ಹಚ್ಚುತ್ತವೆ. ಹಗಲು ಸೂಪರ್‌ವೈಸರ್ ಎದುರು ಅವುಡುಗಚ್ಚಿ ಸಹಿಸಿದ್ದು ರಾತ್ರಿ ಹಲ್ಲಿನ ಮೇಲೆ ತೀರುತ್ತದೆ.

ಹಗಲಿಡೀ ತಿನ್ನುವುದು, ನುಂಗುವುದು ಎಲ್ಲ ಸೇರಿ ಮೇಲಿನ ಹಲ್ಲಿಗೆ ಕೆಳಗಿನ ಹಲ್ಲು ತಾಗುವುದು ಸುಮಾರು 20 ನಿಮಿಷ ಅಷ್ಟೆ. ಅದೂ ನಡುವೆ ರೊಟ್ಟಿಯೋ ಅನ್ನವೋ ಇರುತ್ತದೆ. ಅಕ್ಕಿಯಲ್ಲಿ ಕಲ್ಲು ಸಿಕ್ಕರೆ ದವಡೆ ತಾನಾಗಿಯೇ ಬಿಡುತ್ತದೆ. ನಿದ್ದೆಯಲ್ಲಿ ಆ ಕಾವಲು ಸಡಿಲ. ತುತ್ತಿಲ್ಲ, ನಡುವೆ ಏನೂ ಇಲ್ಲ, ಹಲ್ಲಿಗೆ ಹಲ್ಲು, ಅದೂ ಅಡ್ಡಡ್ಡ ಎಳೆತ.

ಈಗ ನಿನ್ನ ಜಿರ್ಕೋನಿಯಾಕ್ಕೆ ಬರೋಣ. ನೀನು ಐಟಿಐ ಫಿಟ್ಟರ್, ನಿನಗೆ ಲೆಕ್ಕ ಹೇಳಿದರೆ ತಿಳಿಯುತ್ತದೆ. ಗಟ್ಟಿ ಜಾತಿಯ ಜಿರ್ಕೋನಿಯಾ ಬಾಗಿ ಮುರಿಯಬೇಕಾದರೆ 1000 ಮೆಗಾಪಾಸ್ಕಲ್ ಆಸುಪಾಸಿನ ಒತ್ತಡ ಬೇಕು. ಆದರೆ ಮುಂದಿನ ಹಲ್ಲಿಗೆ ಚಂದ ಕಾಣಲೆಂದು ಅದರ ಮೇಲೆ ಹೊದಿಸುವ ಪೋರ್ಸಲೀನ್‌ಗೆ 100ರ ಆಸುಪಾಸು ಸಾಕು. ನಿನ್ನ ಮುಂದಿನ ಆರು ಕ್ಯಾಪಿನ ಮೇಲೂ ಆ ಹೊದಿಕೆ ಇದೆ. ಚಿಪ್ಪು ಏಳುವುದು ಅಲ್ಲಿ. ಎದ್ದರೆ ಬಾಯಲ್ಲೇ ತೇಪೆ ಹಾಕಬಹುದು, ಬಹಳ ದಿನ ನಿಲ್ಲುವುದಿಲ್ಲ. ಕೊನೆಗೆ ಕ್ಯಾಪನ್ನೇ ಕೊರೆದು ತೆಗೆಯಬೇಕು. ಜಿರ್ಕೋನಿಯಾ ಕೊರೆಯುವ ಡಾಕ್ಟರ ಮುಖ ನೋಡಿದ್ದೀಯಾ? ಡೈಮಂಡ್ ಬರ್ ಒಂದಾದಮೇಲೊಂದು ಮೊಂಡಾಗುತ್ತವೆ.

ಹಿಂದಿನ ದವಡೆಯ ಕ್ಯಾಪಿಗೆ ಹೊದಿಕೆ ಇಲ್ಲ, ಪೂರ್ತಿ ಜಿರ್ಕೋನಿಯಾ, ಅದು ಒಡೆಯಲಿಕ್ಕಿಲ್ಲ. ಸರಿ. ಆದರೆ ತಾನು ಮುರಿಯದ ವಸ್ತು ಬಲವನ್ನು ಬೇರೆಯವರ ಮೇಲೆ ಹೊರಿಸುತ್ತದೆ. ಎದುರಿನ ಹಲ್ಲು ನಿನ್ನ ಸ್ವಂತದ್ದು. ಕ್ಯಾಪಿನ ಪಾಲಿಶ್ ಹೋಗಿ ಒರಟಾದರೆ ಎದುರು ಹಲ್ಲಿನ ಎನಾಮಲ್ ತೇಯುತ್ತದೆ, ತೇದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಇನ್ನು ಆ ಕ್ಯಾಪಿನ ಕೆಳಗಿರುವುದು ರೂಟ್ ಕೆನಾಲ್ ಮಾಡಿದ ಹಲ್ಲು. ಹುಳುಕಿಗೆ ಅರ್ಧ, ರಿಪೇರಿಗೆ ಕಾಲು ಭಾಗ ಕಳೆದುಕೊಂಡದ್ದು. ಅದರ ಬೇರು ಉದ್ದಕ್ಕೆ ಸೀಳಿದರೆ ಯಾವ ಡಾಕ್ಟರೂ ಉಳಿಸಲಾರ, ಕೀಳಬೇಕು. ಕಿತ್ತ ಜಾಗಕ್ಕೆ ಇಂಪ್ಲಾಂಟ್ ಹಾಕಿಸುತ್ತೇನೆ ಅನ್ನಬೇಡ. ಹುಟ್ಟಿದ ಹಲ್ಲಿನ ಬೇರಿಗೂ ಎಲುಬಿಗೂ ನಡುವೆ ತೆಳ್ಳನೆ ನಾರಿನ ಪದರ ಇರುತ್ತದೆ, ಒತ್ತಡ ಎಷ್ಟು ಅಂತ ಮಿದುಳಿಗೆ ಸುದ್ದಿ ಮುಟ್ಟಿಸುವುದು ಅದೇ. ಇಂಪ್ಲಾಂಟ್‌ಗೆ ಆ ಪದರವೇ ಇಲ್ಲ. ಹಲ್ಲು ಕಡಿಯುವವನ ಬಾಯಲ್ಲಿ ಅದರ ಸ್ಕ್ರೂ ಸಡಿಲಾಗುವುದು, ಮೇಲಿನ ಕ್ಯಾಪು ಒಡೆಯುವುದು ಹೊಸ ಸಂಗತಿಯಲ್ಲ. ನಿಮ್ಮ ರಾಂಜಣಗಾಂವದ ಮಹಾಗಣಪತಿಗೆ ಒಂದು ದಂತ ಮುರಿದರೂ ಅಷ್ಟವಿನಾಯಕರಲ್ಲಿ ಸ್ಥಾನ ಉಂಟು. ನಿನಗೆ ಮದುವೆ ಫೋಟೊದಲ್ಲೂ ಸ್ಥಾನ ಸಿಗಲಿಕ್ಕಿಲ್ಲ.

ನಿಮ್ಮ ಎಂಐಡಿಸಿ ಕಾರ್ಖಾನೆಯಲ್ಲಿ ಕನ್ವೇಯರ್ ಜಾಮ್ ಆದಾಗ ಏನು ಮುರಿಯುತ್ತದೆ ಹೇಳು? ಶಿಯರ್ ಪಿನ್. ಗೇರ್‌ಬಾಕ್ಸ್ ಉಳಿಯಲಿ ಅಂತಲೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಪಿನ್ ಮುರಿಯುತ್ತದೆ ಅಂತ ಅದರ ಜಾಗಕ್ಕೆ ಹೈ ಟೆನ್ಸೈಲ್ ಬೋಲ್ಟ್ ಹಾಕಿದ ಹೊಸ ಹುಡುಗನಿಗೆ ನೀನೇ ಬೈದಿದ್ದೆ, ದಸರೆಗೆ ಬಂದಾಗ ಹೆಮ್ಮೆಯಿಂದ ಹೇಳಿದ್ದೆ. ಸ್ಪ್ಲಿಂಟ್ ನಿನ್ನ ಬಾಯಿಯ ಶಿಯರ್ ಪಿನ್. ಅದನ್ನು ಮಾಡಿದ ಅಕ್ರಿಲಿಕ್ ಪೋರ್ಸಲೀನಿಗಿಂತ ಮೆತ್ತಗೆ, ಹಲ್ಲಿಗಿಂತ ಮೆತ್ತಗೆ. ತಾನು ಸವೆಯುತ್ತದೆ, ಬೇಕಾದರೆ ಸೀಳುತ್ತದೆ, ಕ್ಯಾಪು ಉಳಿಯುತ್ತದೆ. ಕಾರ್ಖಾನೆಯಲ್ಲಿ ಗೊತ್ತಿದ್ದ ಬುದ್ಧಿ ರೂಮಿಗೆ ಬಂದಾಗ ಎಲ್ಲಿ ಹೋಗುತ್ತದೆ?

ಇದೇನು ನಿನ್ನೆ ಮೊನ್ನೆ ಬಂದ ಫ್ಯಾಶನ್ ಅಲ್ಲ. ರಾತ್ರಿ ಹಲ್ಲು ಕಡಿಯುವುದರಿಂದ ಹಲ್ಲಿನ ಬುಡ ಹಾಳಾಗುತ್ತದೆ ಅಂತ ವಿಯೆನ್ನಾದ ಕಾರೋಲಿ ಎಂಬ ದಂತವೈದ್ಯರು 1901ರಲ್ಲೇ ಬರೆದರು. ಇವತ್ತು ನಿನ್ನ ಡಬ್ಬಿಯಲ್ಲಿರುವಂಥ ಚಪ್ಪಟೆ ಮೈಯ ಗಟ್ಟಿ ಸ್ಪ್ಲಿಂಟ್ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ರಾಮ್‌ಫ್ಯೋರ್ಡ್ ಮತ್ತು ಆ್ಯಶ್ ಎಂಬಿಬ್ಬರು 1960ರ ದಶಕದಲ್ಲಿ ರೂಢಿಗೆ ತಂದದ್ದು. ಬದಲಾದದ್ದು ಮಾಡುವ ರೀತಿ.

ನಾವು ಹೇಗೆ ಮಾಡುತ್ತಿದ್ದೆವು ಅಂತ ನಿನಗೆ ಗೊತ್ತಿರಬೇಕು. ಡಾಕ್ಟರು ಆಲ್ಜಿನೇಟ್ ಕಲಸಿ ಟ್ರೇಯಲ್ಲಿ ತುಂಬಿ ಬಾಯಿಗಿಟ್ಟರೆ ಎಷ್ಟೋ ಜನಕ್ಕೆ ಓಕರಿಕೆ. ಆ ಅಳತೆ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಶಿರೂರಿನಿಂದ ಎಸ್‌ಟಿ ಬಸ್ಸಿನಲ್ಲಿ ಪುಣೆಗೆ ಬರುತ್ತಿತ್ತು. ಒಣಗಿದರೆ ಕುಗ್ಗುತ್ತದೆ, ನೀರು ಹೀರಿದರೆ ಉಬ್ಬುತ್ತದೆ. ಅದರೊಳಗೆ ಪ್ಲಾಸ್ಟರ್ ಹೊಯ್ದು, ಮಾದರಿಯ ಮೇಲೆ ಮೇಣ ಕೂರಿಸಿ, ಫ್ಲಾಸ್ಕಿನಲ್ಲಿ ಇಟ್ಟು, ಮೇಣ ಕರಗಿಸಿ, ಅಕ್ರಿಲಿಕ್ ಪುಡಿ ಲಿಕ್ವಿಡ್ ಕಲಸಿ ತುಂಬಿ, ಬಿಸಿ ನೀರಿನಲ್ಲಿ ಬೇಯಿಸಬೇಕು. ಲಿಕ್ವಿಡ್ ವಾಸನೆ ಮನೆಗೆ ಬಂದಮೇಲೂ ಅಂಗಿಯಲ್ಲಿರುತ್ತಿತ್ತು, ನಿಮ್ಮ ಅಜ್ಜಿ ಬಾಗಿಲಲ್ಲೇ ಮೂಗು ಮುಚ್ಚುತ್ತಿದ್ದಳು. ಹಂತಹಂತಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಸೇರಿ ಸೇರಿ, ಕೊನೆಗೆ ಡಾಕ್ಟರು ಕುರ್ಚಿಯಲ್ಲಿ ಬಹಳ ಹೊತ್ತು ತಿಕ್ಕಿ ಕೂರಿಸುತ್ತಿದ್ದರು.

ಈಗ? ಕೈಯಲ್ಲಿ ಹಿಡಿಯುವ ಸ್ಕ್ಯಾನರನ್ನು ಹಲ್ಲಿನ ಮೇಲೆ ಆಡಿಸಿದರೆ ಬಾಯಿ ಪರದೆಯ ಮೇಲೆ ಮೂಡುತ್ತದೆ. ಕಂಪ್ಯೂಟರಿನಲ್ಲಿ ಸ್ಪ್ಲಿಂಟ್ ಬಿಡಿಸಿ, 98 ಮಿಲಿಮೀಟರ್ ಅಗಲದ ಅಕ್ರಿಲಿಕ್ ಡಿಸ್ಕಿನಿಂದ ಮಿಲ್ಲಿಂಗ್ ಮಶೀನ್ ಕಡೆದು ಕೊಡುತ್ತದೆ. ನಿಮ್ಮ ಟೂಲ್ ರೂಮಿನ ಮಶೀನಿನ ತಮ್ಮನೇ ಅದು. ಡಿಸ್ಕ್ ಕಾರ್ಖಾನೆಯಲ್ಲೇ ಒತ್ತಡದಲ್ಲಿ ಗಟ್ಟಿಯಾಗಿ ಬಂದಿರುವುದರಿಂದ ಹಸಿ ಲಿಕ್ವಿಡ್ ಒಳಗೆ ಉಳಿಯುವುದು ಕಡಿಮೆ, ವಸಡಿಗೂ ಒಳ್ಳೆಯದು. ಇಲ್ಲವೇ 3ಡಿ ಪ್ರಿಂಟರಿನಲ್ಲಿ ರಾಳವನ್ನು 50 ಅಥವಾ 100 ಮೈಕ್ರಾನಿನ ಪದರ ಪದರವಾಗಿ ಬೆಳಕಿನಿಂದ ಗಟ್ಟಿಮಾಡುತ್ತಾರೆ. ಪ್ರಿಂಟ್ ಆದದ್ದನ್ನು ಆಲ್ಕೊಹಾಲಿನಲ್ಲಿ ತೊಳೆದು ಮತ್ತೆ ಬೆಳಕಿನ ಪೆಟ್ಟಿಗೆಯಲ್ಲಿ ಪೂರ್ತಿ ಪಕ್ವ ಮಾಡಬೇಕು. ಅದರಲ್ಲಿ ಅವಸರ ಮಾಡಿದ ಲ್ಯಾಬಿನ ಮಾಲು ಬೇಗ ಒಡೆಯುತ್ತದೆ. ನಿನ್ನದು ಕಡೆದದ್ದು ಅಂದಳು ನಿಮ್ಮವ್ವ. ನಿನ್ನಷ್ಟು ಜೋರಾಗಿ ಹಲ್ಲು ಕಡಿಯುವವನಿಗೆ ನಾನೂ ಅದನ್ನೇ ಹೇಳುತ್ತಿದ್ದೆ.

ಹೊಸದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ನಿಮ್ಮ ವಯಸ್ಸಿನವರಲ್ಲಿ ಒಂದು ಭ್ರಮೆ ನೋಡಿದ್ದೇನೆ. ಕಂಪ್ಯೂಟರ್ ಮಾಡಿದ್ದು ಅಂದರೆ ಮುಗಿಯಿತು, ಇನ್ನು ಡಾಕ್ಟರ ಹತ್ತಿರ ಹೋಗುವ ಕೆಲಸವಿಲ್ಲ ಅಂತ. ಸ್ಕ್ಯಾನರ್ ನೋಡಿದ್ದು ಕುರ್ಚಿಯಲ್ಲಿ ನೆಟ್ಟಗೆ ಕೂತು ಎಚ್ಚರವಾಗಿದ್ದ ನಿನ್ನ ಬಾಯಿ. ಮಗ್ಗುಲಾಗಿ ಮಲಗಿದ ದವಡೆಯನ್ನು ಅದು ನೋಡಿಲ್ಲ. ಸ್ಪ್ಲಿಂಟ್ ಹಾಕಿದಾಗ ಬಾಯಿ ಎರಡು ಮಿಲಿಮೀಟರ್‌ನಷ್ಟು ತೆರೆದೇ ಇರುತ್ತದೆ. ಆ ತೆರೆದ ಸ್ಥಿತಿಯ ಕಚ್ಚನ್ನು ನಿನ್ನ ಬಾಯಲ್ಲೇ ಹಿಡಿದಿದ್ದರೆ ಸರಿ, ಮುಚ್ಚಿದ ಬಾಯಿಯನ್ನು ಕಂಪ್ಯೂಟರಿನಲ್ಲೇ ಅಂದಾಜಿಗೆ ತೆರೆಸಿದ್ದರೆ ಹಿಂದಿನ ಹಲ್ಲು ಮೊದಲು ತಾಗುವುದುಂಟು. ಅದಕ್ಕೇ ಡಾಕ್ಟರು ಬಣ್ಣದ ಕಾಗದ ಕಚ್ಚಿಸಿ ನೋಡುವುದು. ಎದುರಿನ ಹಲ್ಲುಗಳೆಲ್ಲ ಒಂದೇ ಸಲ, ಹಗುರವಾಗಿ ಗುರುತು ಬಿಡಬೇಕು. ದವಡೆ ಪಕ್ಕಕ್ಕೆ ಸರಿಸಿದಾಗ ಕೋರೆಹಲ್ಲು ಭಾರ ಹೊತ್ತು, ಹಿಂದಿನವು ಬಿಡಬೇಕು. ಈ ಕೆಲಸ ಕೈಯದು, ಕಣ್ಣಿನದು. ಒಂದೆರಡು ವಾರ ಹಾಕಿಕೊಂಡು ಹೋಗಿ ಮತ್ತೆ ತೋರಿಸು ಅಂದರೆ ಹೋಗಬೇಕು. ದವಡೆಯ ಬಿಗಿ ಇಳಿದಂತೆ ಕಚ್ಚು ಕೊಂಚ ಬದಲಾಗುತ್ತದೆ, ಗುರುತೂ ಬದಲಾಗುತ್ತದೆ. ನೀನು ಆ ಭೇಟಿಯನ್ನೇ ತಪ್ಪಿಸಿದ್ದೀಯ ಅಂತಲೂ ಕೇಳಿಬಂತು. ಕಾರ್ಖಾನೆಯಲ್ಲಿ ಹೊಸ ಮಶೀನ್ ಟ್ರಯಲ್ ನೋಡದೆ ಸಹಿ ಹಾಕುತ್ತೀಯಾ?

ನಿನ್ನ ನೆಪಗಳನ್ನೂ ಕೇಳಿದ್ದೇನೆ. 'ಈ ವಾರ ನೈಟ್ ಶಿಫ್ಟ್, ರಾತ್ರಿ ಮಲಗೋದೇ ಇಲ್ಲ, ಹಾಕೋದೆಲ್ಲಿ?' ನಗು ಬಂತು, ಆಮೇಲೆ ಸಿಟ್ಟೂ ಬಂತು. ಬೆಳಿಗ್ಗೆ ಎಂಟಕ್ಕೆ ರೂಮಿಗೆ ಬಂದು ಕಿಟಕಿಗೆ ಲುಂಗಿ ಕಟ್ಟಿ ಮಲಗುತ್ತೀಯಲ್ಲ, ಆಗ ಹಾಕಿಕೋ. ಸೂರ್ಯ ಎಲ್ಲಿದ್ದಾನೆ ಅಂತ ದವಡೆ ನೋಡುವುದಿಲ್ಲ. ನಿಜ ಹೇಳಬೇಕೆಂದರೆ ಪಾಳಿ ಬದಲಾಗುವ ವಾರವೇ ನಿನಗೆ ಅದು ಹೆಚ್ಚು ಬೇಕು. ಹಗಲು ನಿದ್ದೆ ತೆಳುವು, ಹೆದ್ದಾರಿಯ ಲಾರಿ ಹಾರ್ನಿಗೆ ಹತ್ತು ಸಲ ಎಚ್ಚರವಾಗುತ್ತದೆ.

'ಬಾಯಿ ತುಂಬ ಜೊಲ್ಲು ಬರ್ತದೆ, ಬಿಗಿ ಅನಸ್ತದೆ.' ಮೊದಲ ಕೆಲವು ದಿನ ಬರುತ್ತದೆ. ಬಾಯಿಗೆ ಹೊಸದೇನು ಬಂದರೂ ಅದು ಊಟವೆಂದೇ ತಿಳಿದು ನೀರೂರಿಸುತ್ತದೆ. ಮಲಗುವ ಮುಂಚೆ ಅರ್ಧ ತಾಸು ಹಾಕಿಕೊಂಡು ಫೋನ್ ನೋಡು, ಹೇಗೂ ನೋಡುತ್ತೀಯ. ಬೆಳಿಗ್ಗೆ ತೆಗೆದಾಗ ಸ್ವಲ್ಪ ಹೊತ್ತು ಕಚ್ಚು ಬೇರೆ ಅನಿಸುವುದು ಸಹಜ. ಹೊತ್ತೇರಿದರೂ ಸರಿಹೋಗದಿದ್ದರೆ, ಯಾವುದೋ ಒಂದೇ ಹಲ್ಲು ನೋಯುತ್ತಿದ್ದರೆ ಸಹಿಸಿಕೊಂಡು ಕೂರಬೇಡ, ನೀನೇ ಉಜ್ಜಿ ಸರಿಮಾಡಲಿಕ್ಕೂ ಹೋಗಬೇಡ. ಫೈಲು, ಎಮರಿ ಪೇಪರ್ ಕೈಗೆ ಸಿಗುತ್ತವೆ ಅಂತ ಗೊತ್ತು. ಮುಟ್ಟಬೇಡ.

ಇನ್ನೊಂದು ನೆಪ ನೀನು ಹೇಳಿಲ್ಲ, ನಾನೇ ಹೇಳುತ್ತೇನೆ. ಮದುವೆಯಾದಮೇಲೆ ಹೆಂಡತಿ ಎದುರು ಅದನ್ನು ಹಾಕಿಕೊಳ್ಳಲಿಕ್ಕೆ ನಾಚಿಕೆ. ಮೊದಲೇ ತೋರಿಸಿಬಿಡು. ನಡುರಾತ್ರಿ ಕಿವಿಯ ಪಕ್ಕದಲ್ಲಿ ಕರಕರ ಸದ್ದು ಕೇಳಿ ಬೆಚ್ಚಿಬೀಳುವುದಕ್ಕಿಂತ ಅವಳಿಗೆ ಅದು ವಾಸಿ. ಹುಡುಗಿ ಜಾಣೆ, ನಿನಗಿಂತ ಮೊದಲು ಅವಳೇ ಡಬ್ಬಿ ತಂದು ಕೈಗೆ ಕೊಡುತ್ತಾಳೆ ನೋಡು.

ಸ್ಪ್ಲಿಂಟಿಗೆ ಬಿಸಿ ನೀರು ತಾಗಿಸಬೇಡ, ಸೊಟ್ಟಾಗುತ್ತದೆ. ತಣ್ಣೀರು, ಮೆತ್ತನೆ ಬ್ರಶ್, ಒಂದು ಹನಿ ಸೋಪು ಸಾಕು. ಟೂತ್‌ಪೇಸ್ಟ್ ಗೀರು ಹಾಕುತ್ತದೆ, ಗೀರಿನಲ್ಲಿ ಕೊಳೆ ಕೂರುತ್ತದೆ, ವಾಸನೆ ಬರುತ್ತದೆ. ಗಾಳಿಯಾಡುವ ಡಬ್ಬಿಯಲ್ಲಿಡು. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತುವಾಗ ಕಾಗದದಲ್ಲಿ ಸುತ್ತಿ ಸೀಟಿನ ಮೇಲಿಟ್ಟರೆ ಯಾದಗಿರಿ ಬರುವಷ್ಟರಲ್ಲಿ ಕಸದ ಜತೆ ಹೋಗಿರುತ್ತದೆ. ಊರಿನ ನಾಯಿಗಳಿಗೂ ಅದೆಂದರೆ ಬಲು ಇಷ್ಟ, ನಗಬೇಡ, ನಾಯಿ ಅಗಿದ ಸ್ಪ್ಲಿಂಟು ನಮ್ಮ ಲ್ಯಾಬಿಗೆ ಬರುತ್ತಿದ್ದವು.

ನಿನ್ನ ಗೆಳೆಯ ಆನ್‌ಲೈನಿನಲ್ಲಿ ತರಿಸಿಕೊಂಡನಲ್ಲ, ಬಿಸಿನೀರಿನಲ್ಲಿ ಅದ್ದಿ ಕಚ್ಚುವ ರಬ್ಬರಿನದ್ದು, ಅದನ್ನು ನೋಡಿ 'ಇಷ್ಟು ಅಗ್ಗಕ್ಕೆ ಸಿಗ್ತಿತ್ತು' ಅಂತ ಹೊಟ್ಟೆ ಉರಿದುಕೊಳ್ಳಬೇಡ. ಮೆತ್ತಗಿನದು ಸಿಕ್ಕರೆ ಕೆಲವರು ಇನ್ನೂ ಜೋರಾಗಿ ಅಗಿಯುತ್ತಾರೆ. ಎಲ್ಲ ಹಲ್ಲನ್ನೂ ಮುಚ್ಚದಂಥದ್ದನ್ನು ತಿಂಗಳುಗಟ್ಟಲೆ ಹಾಕಿಕೊಂಡರೆ ಆಸರೆ ಸಿಗದ ಹಲ್ಲು ಮೆಲ್ಲಗೆ ಎದ್ದುಬಂದು ಕಚ್ಚೇ ಕೆಡುತ್ತದೆ. ಅವನಿಗೂ ಹೇಳು.

ಇಷ್ಟೆಲ್ಲ ಹೊಗಳಿದೆ ಅಂತ ಸ್ಪ್ಲಿಂಟ್ ಹಲ್ಲು ಕಡಿಯುವುದನ್ನು ನಿಲ್ಲಿಸುತ್ತದೆ ಅಂದುಕೊಳ್ಳಬೇಡ. ಅದು ಕ್ಯಾಪು ಕಾಯುತ್ತದೆ, ಅಷ್ಟೆ. ಕಡಿಯುವುದನ್ನು ತಗ್ಗಿಸುವುದು ನಿನ್ನ ಕೈಯಲ್ಲಿದೆ. ನಸುಕಿನ ಮೂರು ಗಂಟೆಯ ಎರಡನೇ ಕಟಿಂಗ್ ಚಹಾ ಬಿಡು. ರಜೆಯ ಹಿಂದಿನ ರಾತ್ರಿ ಗೆಳೆಯರ ಜತೆ ಏನು ನಡೆಯುತ್ತದೆ ಅಂತ ನಿಮ್ಮವ್ವನಿಗೆ ಗೊತ್ತಿಲ್ಲ, ನನಗೆ ಗೊತ್ತು. ಕುಡಿದು ಮಲಗಿದ ರಾತ್ರಿ ದವಡೆ ಹೆಚ್ಚು ಕಡಿಯುತ್ತದೆ. ತುಟಿಯ ಹಿಂದೆ ಇಟ್ಟುಕೊಳ್ಳುವ ಆ ತಂಬಾಕಿನ ಚೀಲವನ್ನಂತೂ ಇವತ್ತೇ ಬಿಸಾಡು, ಅದು ಹಲ್ಲಿಗಷ್ಟೇ ಕೇಡಲ್ಲ. ಸ್ಪ್ಯಾನರ್ ಬಿಗಿಯುವಾಗ ನಿನ್ನ ಹಲ್ಲೂ ಬಿಗಿಯುತ್ತದೆ, ನಾನು ನೋಡಿದ್ದೇನೆ. ತುಟಿ ಸೇರಿರಲಿ, ಹಲ್ಲು ಬಿಟ್ಟಿರಲಿ. ಟೂಲ್ ಬಾಕ್ಸಿನ ಮುಚ್ಚಳದ ಒಳಗೆ ಒಂದು ಕೆಂಪು ಚುಕ್ಕೆ ಅಂಟಿಸಿಕೋ, ಕಂಡಾಗಲೆಲ್ಲ ದವಡೆ ಸಡಿಲ ಬಿಡು.

ನೀನು ಗೊರಕೆ ಹೊಡೆಯುತ್ತೀಯಾ, ನಡುವೆ ಉಸಿರು ಕಟ್ಟಿದಂತಾಗುತ್ತದಾ ಅಂತ ಪಾರ್ಟ್ನರನ್ನು ಕೇಳು. ಹೌದಾದರೆ ಡಾಕ್ಟರಿಗೆ ಹೇಳಲೇಬೇಕು. ನಿದ್ದೆಯಲ್ಲಿ ಉಸಿರು ನಿಲ್ಲುವ ಕೆಲವರಿಗೆ ಸ್ಪ್ಲಿಂಟ್‌ನಿಂದ ಅದು ಹೆಚ್ಚಾಗುವುದುಂಟು, ಅವರಿಗೆ ಮಾಡುವ ಸಾಧನವೇ ಬೇರೆ.

ಕೆಲವು ತಿಂಗಳಾದಮೇಲೆ ಸ್ಪ್ಲಿಂಟಿನ ಮೈಮೇಲೆ ಗೆರೆ ಬೀಳುತ್ತವೆ, ಹಳ್ಳವಾಗುತ್ತದೆ, ಹಿಂದಿನ ತುದಿಯಲ್ಲಿ ತೂತೂ ಬೀಳಬಹುದು. ಆಗ 'ಮಾಲು ಸರಿಯಿಲ್ಲ' ಅಂತ ಡಾಕ್ಟರ ಜತೆ ಜಗಳಕ್ಕೆ ಹೋಗುತ್ತೀಯ, ನನಗೆ ನಿನ್ನ ಬುದ್ಧಿ ಗೊತ್ತು. ಹೋಗುವ ಮುಂಚೆ ಆ ಹಳ್ಳದ ಮೇಲೆ ಬೆರಳಾಡಿಸಿ ನೋಡು. ಆ ತಿಕ್ಕಾಟ ನಿನ್ನ ಕ್ಯಾಪಿನ ಮೇಲೋ ಎದುರಿನ ಹಲ್ಲಿನ ಮೇಲೋ ಬೀಳಬೇಕಿತ್ತು. ಸವೆಯೋದೇ ಅದರ ಕೆಲಸ. ಎಷ್ಟು ಸವೆದಿದೆ, ಯಾವ ಪಕ್ಕಕ್ಕೆ ಸವೆದಿದೆ ಅಂತ ನೋಡಿದರೆ ನಿನ್ನ ದವಡೆ ಏನು ಮಾಡುತ್ತಿದೆ ಅಂತ ಡಾಕ್ಟರಿಗೆ ತಿಳಿಯುತ್ತದೆ. ಪ್ರತಿ ಭೇಟಿಗೂ ಡಬ್ಬಿ ಸಮೇತ ಹೋಗು.

ತೂತು ಬಿದ್ದರೆ, ಸೀಳಿದರೆ, ಕಳೆದರೆ ಮತ್ತೆ ಅಳತೆ ಕೊಡಬೇಕಿಲ್ಲ. ನಮ್ಮ ಕಾಲದಲ್ಲಿ ಇರದ ಸುಖ ಇದೊಂದು. ಕಂಪ್ಯೂಟರಿನಲ್ಲಿ ಬಿಡಿಸಿದ ಸ್ಪ್ಲಿಂಟಿನ ಎಸ್‌ಟಿಎಲ್ ಫೈಲ್ ಇದ್ದರೆ ಅದನ್ನೇ ಇನ್ನೊಮ್ಮೆ ಕಡೆಯಬಹುದು. ಆದರೆ ಹಲ್ಲು ಹಾಗೇ ಇದ್ದರೆ ಮಾತ್ರ. ನಡುವೆ ಹೊಸ ಕ್ಯಾಪು ಬಂದರೆ, ದೊಡ್ಡ ಫಿಲ್ಲಿಂಗ್ ಆದರೆ, ಹಳೆಯದು ಕೂರುವುದಿಲ್ಲ. ಹೊಸ ಸ್ಕ್ಯಾನ್ ಬೇಕು. ಎಡಗಡೆ ಕೆಳಗಿನ ದವಡೆಗೆ ಇನ್ನೊಂದು ಕ್ಯಾಪು ಬಾಕಿ ಇದೆ ಅಂದಿದ್ದೆಯಲ್ಲ, ಅದು ಕೂರಿಸಿದ ದಿನವೇ ಸ್ಪ್ಲಿಂಟ್ ಹಾಕಿ ಕಾಗದ ಕಚ್ಚಿ ನೋಡಿಸಿಕೊಂಡು ಬಾ.

ನೀವು ಗುತ್ತಿಗೆ ಹುಡುಗರು. ಇವತ್ತು ರಾಂಜಣಗಾಂವ, ನಾಳೆ ಚಾಕಣ, ನಾಡಿದ್ದು ಹೊಸೂರೋ ನರಸಾಪುರವೋ. ಡಾಕ್ಟರನ್ನು ವಿನಯದಿಂದ ಕೇಳಿ ಆ ಫೈಲನ್ನು, ನಿನ್ನ ಹಲ್ಲಿನ ಸ್ಕ್ಯಾನನ್ನು, ಕ್ಯಾಪು ಯಾವ ವಸ್ತುವಿನದು ಎಂದು ಬರೆದ ಚೀಟಿಯನ್ನು ತೆಗೆದುಕೋ. ಫೋನಿನಲ್ಲೊಂದು, ನಿನ್ನ ತಂಗಿಯ ಕಂಪ್ಯೂಟರಿನಲ್ಲೊಂದು ಇರಲಿ. ಊರಿಗೆ ಬಂದಾಗ ತೊಂದರೆಯಾದರೆ ಕಲಬುರಗಿಯ ನಿಜಲಿಂಗಪ್ಪ ದಂತ ಕಾಲೇಜಿಗೆ ಹೋಗಬಹುದು, ಪುಣೆಯಲ್ಲಿ ಭಾರತಿ ವಿದ್ಯಾಪೀಠದ ದಂತ ಆಸ್ಪತ್ರೆ ಇದೆ. ಫೈಲ್ ಕೈಯಲ್ಲಿದ್ದರೆ ಅವರು ನಿನ್ನ ಬಾಯಿಯ ಕತೆಯನ್ನು ಮೊದಲಿನಿಂದ ಕೇಳಬೇಕಾಗುವುದಿಲ್ಲ. ನನಗೂ ಒಂದು ಕಳಿಸು. ನಿನ್ನ ತಂಗಿಯ ಕೈಲಿ ತೆರೆಸಿ, ಹಿಂದಿನ ಹಲ್ಲಿನ ಮೇಲೆ ದಪ್ಪ ಎಷ್ಟು ಬಿಟ್ಟಿದ್ದಾರೆ ಅಂತ ಒಮ್ಮೆ ನೋಡಬೇಕು.